ಟೀಚರ್ ಕಾಲಿಗೆ ಪಾಠ

ನನ್ನ ತಂಗಿ ಸುಮ್ಮನೆ ಕೂರುವ ಪೈಕಿಯವಳೇ ಅಲ್ಲ. ಚಿಕ್ಕವಳಿದ್ದಾಗ ಊಟಕ್ಕೆ ಕೂತರೂ ಅವಳ ಒಂದು ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಅಮ್ಮ ಆ ಕಾಲಿನ ಮೇಲೆ ತನ್ನ ಕಾಲಿಟ್ಟು ಒತ್ತಿಕೊಂಡೇ ಊಟ ಮುಗಿಸುತ್ತಿದ್ದಳು. ದೊಡ್ಡವಳಾಗಿ ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಇನ್ನಾದರೂ ಕುರ್ಚಿ ಅಂತ ಒಂದಿದೆಯಲ್ಲ, ಕೂರುವುದನ್ನು ಕಲಿಯುತ್ತಾಳೆ ಎಂದುಕೊಂಡೆ. ತಾನು ಕೂರದಿದ್ದದ್ದು ಸಾಲದು ಅಂತ ಅವಳು ಮಕ್ಕಳನ್ನೂ ಎಬ್ಬಿಸಿ ನಿಲ್ಲಿಸಿದಳು.

ನಾನು ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯುವುದಿಲ್ಲ, ಹಳೆಯದನ್ನು ಸರಿ ಮಾಡಿಕೊಡುತ್ತೇನೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಾಯಿಸುವುದು, ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಅಗಲ ಮಾಡುವುದು. ಕೋಟಿನವರೆಲ್ಲ ಬಟ್ಟೆ ಕುಗ್ಗಿಬಿಟ್ಟಿದೆ ಎನ್ನುತ್ತಾರೆ, ನಾನೂ ಹೂಂ ಎನ್ನುತ್ತೇನೆ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ಅದರಲ್ಲಿ ನಾವಿಬ್ಬರು. ಮದುವೆಯ ವಿಷಯಕ್ಕೆ ಹೇಳುವುದಾದರೆ, ನನ್ನನ್ನು ಯಾರೂ ಒಪ್ಪಲಿಲ್ಲ, ಅವಳು ಯಾರನ್ನೂ ಒಪ್ಪಲಿಲ್ಲ.

ಅವಳ ಪಾಠದ ರೀತಿ ನನಗೆ ತಲೆಗೆ ಹತ್ತುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಕೈಕಟ್ಟಿ ಬಾಯಿಮುಚ್ಚಿ ಕೂತು ಕಲಿತೆವು, ಕಲಿಯದಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಇವಳ ಕ್ಲಾಸಿನಲ್ಲಿ ಮಗ್ಗಿ ಮೆಟ್ಟಿಲ ಮೇಲೆ ನಡೆಯುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಸಿಗೆಯಷ್ಟು ದೊಡ್ಡ ಅಕ್ಷರ ಬರೆದು ಅದರ ಮೇಲೆ ಮಕ್ಕಳನ್ನು ನಡೆಸುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿಸಿ, ಭುಜದಿಂದ ಇಡೀ ತೋಳೆತ್ತಿ ಅದೇ ಅಕ್ಷರವನ್ನು ಗಾಳಿಯಲ್ಲಿ ಬರೆಸುತ್ತಿದ್ದಳು. ಪುಸ್ತಕ ಕೊನೆಗೆ. ಸ್ವಲ್ಪ ಹೊತ್ತು ಪಾಠವಾದರೆ ಎದ್ದು ಮೈ ಮುರಿಯಬೇಕು, ಒಂದು ಗುಟುಕು ನೀರು ಕುಡಿಯಬೇಕು, ಮತ್ತೆ ಪಾಠ. ಮಿದುಳಿಗೆ ಒಂದೇ ಸಲ ತುರುಕಿದರೆ ಇಳಿಯುವುದಿಲ್ಲ ಅಕ್ಕ, ಒಂದು ತುತ್ತು ಕೊಡಬೇಕು, ನುಂಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು ತುತ್ತು ಎನ್ನುತ್ತಿದ್ದಳು. ಹಾಗಾದರೆ ನೀನು ಟೀಚರಲ್ಲ, ಕೂಸಿಗೆ ಉಣಿಸುವವಳು ಎಂದು ನಾನು ಆಡಿಕೊಳ್ಳುತ್ತಿದ್ದೆ. ಹಾಗೆ ಆಡಿಕೊಂಡೇ ನನ್ನ ಅಂಗಡಿಯ ಚೂರು ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿದು, ಒಳಗೆ ಒಣಕಾಳು ತುಂಬಿ ಕೊಡುತ್ತಿದ್ದೆ. ಮಕ್ಕಳು ಅದನ್ನು ಒಬ್ಬರಿಗೊಬ್ಬರು ಎಸೆಯುತ್ತಿದ್ದರು, ಹಿಡಿದವರು ಒಂದೊಂದು ಪದ ಹೇಳಬೇಕಿತ್ತು.

ಒಮ್ಮೆ ಆ ಚೀಲಗಳನ್ನು ಕೊಡಲು ನಾನೇ ಸ್ಕೂಲಿಗೆ ಹೋಗಿದ್ದೆ. ಹೆಡ್‌ಮಾಸ್ಟರು ಬಾಗಿಲಲ್ಲೇ ಸಿಕ್ಕಿ, ನಿಮ್ಮ ತಂಗಿಯಿಂದ ಇದು ಸ್ಕೂಲೋ ಸಂತೆಯೋ ಗೊತ್ತಾಗುತ್ತಿಲ್ಲ ಎಂದು ಗೊಣಗಿದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೆಟ್ಟಿಲ ತುಂಬ ಮಕ್ಕಳು ಜಿಗಿಯುತ್ತಿದ್ದರು. ‘ಆರೊಂದ್ಲ ಆರು, ಆರೆರಡ್ಲ ಹನ್ನೆರಡು’ ಎಂದು ಗೋಡೆ ಬಿರಿಯುವ ಹಾಗೆ ಕೂಗುತ್ತಿದ್ದರು. ಎಲ್ಲರಿಗಿಂತ ಹಿಂದೆ, ಎರಡು ಜಡೆಯ ಒಂದು ಹುಡುಗಿ, ತುಟಿ ಕಚ್ಚಿಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ನನ್ನ ತಂಗಿ ಅವಳ ಜೊತೆಗೇ ಹತ್ತುತ್ತಿದ್ದಳು. ಹುಡುಗಿ ನಿಂತರೆ ತಾನೂ ನಿಲ್ಲುತ್ತಿದ್ದಳು.

ಆ ಹುಡುಗಿಯನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು, ಒಂದು ಕಡೆ ನಿಂತವಳಲ್ಲ. ಅವಳ ಅಮ್ಮ ಬಸ್ ಓಡಿಸುತ್ತಿದ್ದಳು, ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಹಿಂದಿನ ಕ್ಲಾಸುಗಳಲ್ಲಿ ಬುಗುರಿಗೆ ಒಂದಕ್ಷರವೂ ಹತ್ತಿರಲಿಲ್ಲ. ಕಣ್ಣು ನೋಡಿದ್ದನ್ನು ಕೈಗೆ ಹೇಳುತ್ತೆ, ಆದರೆ ಕೈಗೆ ಕೇಳಿಸಲ್ಲ, ಅದಕ್ಕೆ ಕೈಗೆ ಕೇಳಿಸುವ ಹಾಗೆ ದೊಡ್ಡದಾಗಿ ಹೇಳಬೇಕು ಎಂದು ನನ್ನ ತಂಗಿ ಅವಳಿಗೆ ತಿಳಿಸಿ ಹೇಳಿದ್ದಳಂತೆ. ನೆಲದ ಅಕ್ಷರಗಳ ಮೇಲೆ ನಡೆದು ನಡೆದು, ಗಾಳಿಯಲ್ಲಿ ಬರೆದು ಬರೆದು, ಒಂದು ದಿನ ಅವಳು ನಮ್ಮ ಅಂಗಡಿಯ ಬೋರ್ಡನ್ನು ನಿಂತಲ್ಲೇ ಕುಣಿಯುತ್ತಾ ಓದಿದಳು. ಆವತ್ತು ನನ್ನ ತಂಗಿ ರಾತ್ರಿ ಊಟದ ಹೊತ್ತಿಗೂ ಅದನ್ನೇ ಹೇಳುತ್ತಿದ್ದಳು. ನನಗೆ ಹೊಟ್ಟೆ ತುಂಬಿತು, ಅವಳಿಗೆ ಮಾತು ಮುಗಿಯಲಿಲ್ಲ.

ಅದಾದ ಮೇಲೆ ಅವಳ ಕೈಯಿಂದ ಸೀಮೆಸುಣ್ಣ ಜಾರತೊಡಗಿತು.

ಮೊದಲು ನಾವಿಬ್ಬರೂ ಲೆಕ್ಕಕ್ಕಿಡಲಿಲ್ಲ. ಆಮೇಲೆ ಮಗ್ಗಿಯ ಮೆಟ್ಟಿಲಲ್ಲಿ ಎಡವಿ ಬಿದ್ದಳು. ಚಪ್ಪಲಿ ಕಾಲಿನಿಂದ ತಾನಾಗಿ ಕಳಚಿಕೊಳ್ಳುತ್ತಿತ್ತು. ನರದ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಇದಕ್ಕೆ ಔಷಧಿಯಿಲ್ಲ, ನಾಲಿಗೆಗೂ ಬರುತ್ತದೆ, ಉಸಿರಿಗೂ ಬರುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ಚೆನ್ನಾಗಿರುತ್ತದೆ ಎಂದರು. ಅದೊಂದು ಒಳ್ಳೆಯ ಸುದ್ದಿ ಅನ್ನುವ ಹಾಗೆ ಹೇಳಿದರು. ನನಗೆ ಅವರ ಮೇಜನ್ನು ಎತ್ತಿ ಹಾಕಬೇಕು ಅನಿಸಿತು. ಊಟದಲ್ಲೂ ಕಾಲು ಅಲ್ಲಾಡಿಸುತ್ತಿದ್ದವಳಿಗೆ ಈ ಕಾಯಿಲೆ ಬರಬೇಕಿತ್ತೆ? ದಿನವಿಡೀ ಮಿಷನ್ನಿಗೆ ಅಂಟಿ ಕೂರುವ ನಾನಿದ್ದೆನಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅತ್ತೆ. ಅವಳು ನನ್ನ ಬೆನ್ನು ಸವರಲು ಕೈಯೆತ್ತಿದಳು, ಅರ್ಧಕ್ಕೆ ಬಂದ ಕೈ ಸೀಟಿನ ಮೇಲೆ ಬಿತ್ತು.

ಕೆಲವು ತಿಂಗಳು ಕುರ್ಚಿಯಲ್ಲಿ ಕೂತೇ ಪಾಠ ಮಾಡಿದಳು. ಮಕ್ಕಳು ಅವಳ ಬದಲು ಕುಣಿಯುತ್ತಿದ್ದರು. ಮಾತು ತೊದಲಲು ಶುರುವಾದ ಮೇಲೆ ಸ್ಕೂಲು ಬಿಟ್ಟಳು. ಅವಳ ಜಾಗಕ್ಕೆ ಬಂದ ಟೀಚರು ಒಳ್ಳೆಯವಳೇ. ನಮ್ಮ ಟೀಚರಿಗೆ ಏನಾಗಿದೆ ಎಂದು ಮಕ್ಕಳು ಕೇಳಿದಾಗ, ಹೆದರಿಸಬಾರದು ಅಂತ, ಟೀಚರ್ ಮಿದುಳು ಹೇಳುವುದು ಅವರ ಕಾಲಿಗೆ ಕೇಳಿಸುತ್ತಿಲ್ಲ ಎಂದಳಂತೆ. ಉಳಿದ ಮಕ್ಕಳೆಲ್ಲ ಅಯ್ಯೋ ಪಾಪ ಎಂದು ಆಟಕ್ಕೆ ಹೋದರು. ಬುಗುರಿ ಮಾತ್ರ ಹೋಗಲಿಲ್ಲ. ಕೇಳಿಸದಿದ್ದ ಕೈಗೆ ಕೇಳಿಸುವ ಹಾಗೆ ಮಾಡುವುದು ಹೇಗೆ ಎನ್ನುವುದು ಇಡೀ ಕ್ಲಾಸಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಒಂದು ಸಂಜೆ ಅವಳು ಅಂಗಡಿಗೆ ಬಂದು, ‘ಟೀಚರಕ್ಕ, ನಾನು ಮೇಲೆ ಹೋಗ್ಲಾ?’ ಎಂದಳು. ಟೀಚರ ಅಕ್ಕನಾದ್ದರಿಂದ ನನಗೆ ಅವಳಿಟ್ಟ ಹೆಸರು ಅದು. ಅಮ್ಮನದು ಸಂಜೆ ಪಾಳಿ, ಮನೆಯಲ್ಲಿ ಬೇಜಾರಾಗಿರಬೇಕು ಎಂದುಕೊಂಡು ಕಳಿಸಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಮಗ್ಗಿ ಕೇಳಿಸಿತು. ಹೋಗಿ ನೋಡಿದರೆ ಹುಡುಗಿ ನೆಲದಲ್ಲಿ ಕೂತು ನನ್ನ ತಂಗಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ಎತ್ತಿ ಇಡುತ್ತಾಳೆ, ಎರಡೊಂದ್ಲ ಎರಡು. ಇನ್ನೊಂದನ್ನು ಎತ್ತಿ ಇಡುತ್ತಾಳೆ, ಎರಡೆರಡ್ಲ ನಾಲ್ಕು. ನಾನು ಬಾಗಿಲಲ್ಲಿ ನಿಂತು ನಕ್ಕೆ. ಕಾಲಿಗೆ ಬುದ್ಧಿ ಹೇಳುವುದು ಅಂದರೆ ಓಡಿಹೋಗುವುದು ಎಂದುಕೊಂಡಿದ್ದೆ, ಇದು ನಿಜವಾಗಿ ಹೇಳುವುದಾ ಎಂದೆ. ನನ್ನ ತಂಗಿಯೂ ನಕ್ಕಳು. ಹುಡುಗಿ ನಗಲಿಲ್ಲ. ಪಾಠದ ಹೊತ್ತಲ್ಲಿ ಮಧ್ಯೆ ಬಾಯಿ ಹಾಕಬೇಡಿ ಎಂದು ನನಗೇ ಹೇಳಿದಳು.

ಆವತ್ತಿನಿಂದ ದಿನಾ ಬಂದಳು. ಟೀಚರ ತೋಳನ್ನು ತನ್ನ ಹೆಗಲ ಮೇಲೆ ಹೊತ್ತು, ಮಂಚದ ಮೇಲೆ ನಿಂತುಕೊಂಡು, ಗಾಳಿಯಲ್ಲಿ ಅಕ್ಷರ ಬರೆಸುತ್ತಿದ್ದಳು. ಕಣ್ಣು ಮುಚ್ಚಿ ಎನ್ನುತ್ತಿದ್ದಳು, ನನ್ನ ತಂಗಿ ಕಣ್ಣು ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಾಠ ನಿಲ್ಲಿಸಿ ಚಮಚದಲ್ಲಿ ನೀರು ಕುಡಿಸುತ್ತಿದ್ದಳು, ನುಂಗುವವರೆಗೂ ಗಂಟಲನ್ನೇ ನೋಡುತ್ತಾ ಕಾಯುತ್ತಿದ್ದಳು. ಕೆಳಗೆ ಮಿಷನ್ ತುಳಿಯುತ್ತಾ ನಾನು ಆ ದನಿಯನ್ನು ಕೇಳುತ್ತಿದ್ದೆ. ಅದು ನನ್ನ ತಂಗಿಯದೇ ದನಿ. ಅದೇ ಎಳೆತ, ಅದೇ ತಾಳ್ಮೆ. ನನ್ನ ತಂಗಿಯ ಬಾಯಿಂದ ಅಷ್ಟು ಹೊತ್ತಿಗೆ ಅದು ಹೋಗಿಯಾಗಿತ್ತು.

ಒಂದು ಸಂಜೆ ಹುಡುಗಿ ಮೆಟ್ಟಿಲ ಮೇಲಿಂದ ನನ್ನನ್ನು ಕರೆದಳು. ಸದ್ದು ಮಾಡದೆ ಬನ್ನಿ ಎಂದು ಸನ್ನೆ ಮಾಡಿದಳು. ನನ್ನ ತಂಗಿಯ ಎಡಗಾಲಿನ ಹೆಬ್ಬೆರಳು ಅದುರುತ್ತಿತ್ತು. ಮೀನಖಂಡದ ಚರ್ಮದ ಕೆಳಗೂ ಏನೋ ಹರಿದಾಡುವ ಹಾಗಿತ್ತು.

‘ಕೇಳಿಸ್ತು ಟೀಚರಕ್ಕ,’ ಎಂದು ಅವಳು ಪಿಸುಗುಟ್ಟಿದಳು. ‘ಬೆರಳಿಗೆ ಕೇಳಿಸ್ತು.’

ನನಗೆ ಗೊತ್ತಿತ್ತು. ನರ ಸಾಯುವಾಗ ಮಾಂಸ ಹಾಗೆ ತಾನಾಗಿ ಅದುರುತ್ತದೆ, ಅದು ಕೆಟ್ಟ ಲಕ್ಷಣ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನ್ನ ತಂಗಿಗೂ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹುಡುಗಿ ನಮ್ಮಿಬ್ಬರನ್ನೂ ನೋಡದೆ ಆ ಬೆರಳನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಬೆಳಕಿದ್ದಾಗ ಯಾವ ಬಾಯಿಂದ ಹೇಳುವುದು? ನಾನು ಅವಳ ತಲೆ ಸವರಿ ಕೆಳಗಿಳಿದೆ. ಅಂದು ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಬೆರಳು ಅದುರುವುದು ಕೆಲವು ವಾರಗಳಲ್ಲಿ ನಿಂತುಹೋಯಿತು. ಅಲ್ಲಿಯವರೆಗೆ ಸ್ವಲ್ಪವಾದರೂ ಆಡುತ್ತಿದ್ದ ಬಲಗೈಯೂ ನಿಂತಿತು. ನಮಗೆ ಇದು ಕಾಯುತ್ತಿದ್ದ ದುಃಖ. ಬುಗುರಿಗೆ ಮಾತ್ರ ಬಂದ ವಿದ್ಯೆ ಕೈತಪ್ಪಿ ಹೋದ ಹಾಗಾಯಿತು. ಅವಳು ಬರುವ ಹೊತ್ತು ಬೇಗ ಬೇಗ ಆಗುತ್ತಾ ಬಂತು. ಸ್ಕೂಲು ಬೇಗ ಬಿಟ್ಟರು ಎನ್ನುತ್ತಿದ್ದಳು, ನಾನು ನಂಬಿದೆ.

ಒಂದು ಭಾನುವಾರ ಮಧ್ಯಾಹ್ನ ಅವಳ ಅಮ್ಮ ಮೇಲೆ ಮನೆಗೇ ಬಂದಳು. ಪಾಳಿಗೆ ಹೋಗುವ ಮುಂಚೆ ಬಂದಿದ್ದಳು, ಯೂನಿಫಾರ್ಮಿನಲ್ಲೇ ಇದ್ದಳು. ನಾನು ಕೂರಿಸಿದ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದಳು: ಮಗಳು ಮಧ್ಯಾಹ್ನದ ಮೇಲೆ ಸ್ಕೂಲಿನಲ್ಲಿ ಇರುವುದೇ ಇಲ್ಲವಂತೆ. ಇದ್ದಾಗಲೂ ಮೆಟ್ಟಿಲು ಹತ್ತುವುದಿಲ್ಲ, ಚೀಲ ಎಸೆದರೆ ಹಿಡಿಯುವುದಿಲ್ಲ, ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂರುತ್ತಾಳೆ. ಓದಲು ಹೇಳಿದರೆ ಅಕ್ಷರ ಮರೆತವಳ ಹಾಗೆ ನೋಡುತ್ತಾಳೆ. ಊಟ ಸೇರುತ್ತಿಲ್ಲ.

‘ಏನಾಗಿದೆ ಅಂತ ಕೇಳ್ದೆ. ನಾನು ಟೀಚರ್‌ಗೆ ಎಲ್ಲೋ ತಪ್ಪಾಗಿ ಕಲಿಸಿಬಿಟ್ಟಿದೀನಿ ಅಮ್ಮ, ಅದಕ್ಕೇ ಅವರ ಕೈಯೂ ನಿಂತೋಯ್ತು ಅಂದ್ಲು,’ ಎಂದು ಹೇಳುವಾಗ ಆ ಹೆಂಗಸಿನ ದನಿ ಒಡೆಯಿತು. ದಿನವಿಡೀ ಟ್ರಾಫಿಕ್ಕಿನಲ್ಲಿ ಬಸ್ ನಡೆಸುವವಳು, ನನ್ನ ಮುಂದೆ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಪಕ್ಕದ ಕೋಣೆಯಲ್ಲಿ ಮಲಗಿದ್ದ ನನ್ನ ತಂಗಿಗೆ ಎಲ್ಲವೂ ಕೇಳಿಸಿತ್ತು. ಹುಡುಗಿಯ ಅಮ್ಮ ಹೋದ ಮೇಲೆ ನನ್ನನ್ನು ಕರೆದಳು. ಅಷ್ಟು ಹೊತ್ತಿಗೆ ಅವಳ ಮಾತು ನನ್ನ ಹೊರತು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೂ ಒಂದೊಂದು ಪದವನ್ನು ಬಾಯಿಯ ಹತ್ತಿರ ಕಿವಿಯಿಟ್ಟು ಹೆಕ್ಕಬೇಕಿತ್ತು. ಹುಡುಗಿಗೆ ನಿಜ ಹೇಳಿಬಿಡು ಎಂದಳು. ನಾನು ಆಗಲ್ಲ ಎಂದೆ. ಮಕ್ಕಳು, ಇವತ್ತು ಹಚ್ಚಿಕೊಳ್ಳುತ್ತವೆ ನಾಳೆ ಮರೆಯುತ್ತವೆ, ತಾನಾಗಿ ಬಿಟ್ಟುಹೋಗುತ್ತೆ ಎಂದೆ. ನಿನಗೂ ಅವಳು ಬರುವುದು ಬೇಕು ತಾನೆ, ಸಂಜೆಯಾದರೆ ಮೆಟ್ಟಿಲ ಕಡೆ ಕಿವಿ ಕೊಟ್ಟಿರುತ್ತೀಯ, ನಿಜ ಹೇಳಿದರೆ ಬರುವುದನ್ನೂ ನಿಲ್ಲಿಸಿಯಾಳು ಎಂದು ರೇಗಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ತುಂಬ ಹೊತ್ತು ತೆಗೆದುಕೊಂಡು ಒಂದು ಮಾತು ಹೇಳಿದಳು.

‘ಅವಳು ಸರಿಯಾಗೇ ಕಲಿಸಿದ್ಲು ಅಕ್ಕ. ಅದು ಅವಳಿಗೆ ಗೊತ್ತಾಗ್ಬೇಕು. ಇಲ್ದಿದ್ರೆ ಇನ್ಯಾವತ್ತೂ ಎದ್ದು ನಿಲ್ಲಲ್ಲ.’

ಮಾರನೆಯ ಸಂಜೆ ಬುಗುರಿ ಬಂದಾಗ ನಾನೂ ಅವಳ ಹಿಂದೆಯೇ ಮೇಲೆ ಹೋದೆ. ಅವಳು ಪಾದ ಹಿಡಿದು ಕೂತಳು. ನಾನು ಮಂಚದ ಪಕ್ಕ ನಿಂತೆ. ನನ್ನ ತಂಗಿ ಹೇಳು ಎನ್ನುವ ಹಾಗೆ ನೋಡುತ್ತಲೇ ಇದ್ದಳು.

‘ಪುಟ್ಟೀ, ಟೀಚರ್ ಕಾಲಿಗೆ ಇನ್ನು ಬರಲ್ಲ,’ ಎಂದೆ. ‘ಯಾರು ಕಲಿಸಿದ್ರೂ ಬರಲ್ಲ. ಇದು ಕಾಯಿಲೆ, ನಿನ್ನ ತಪ್ಪಲ್ಲ. ವಾಸಿಯಾಗಲ್ಲ ಇದು.’

ಹುಡುಗಿ ನನ್ನ ಕಡೆ ತಿರುಗಲಿಲ್ಲ. ಟೀಚರ ಮುಖವನ್ನು ನೋಡಿದಳು. ನನ್ನ ತಂಗಿ ಹೌದೆಂದು ತಲೆಯಾಡಿಸಬೇಕೆಂದು ಎಷ್ಟು ಒದ್ದಾಡಿದಳೋ, ಕುತ್ತಿಗೆ ಒಪ್ಪಲಿಲ್ಲ. ಕಣ್ಣಿನಿಂದ ನೀರು ಮಾತ್ರ ಇಳಿಯಿತು. ಹುಡುಗಿ ಆ ಪಾದವನ್ನು ನಿಧಾನವಾಗಿ ಹಾಸಿಗೆಯ ಮೇಲಿಟ್ಟು, ಹೊದಿಕೆಯನ್ನು ಬೆರಳು ಮುಚ್ಚುವವರೆಗೆ ಎಳೆದು, ನನ್ನ ಪಕ್ಕದಿಂದ ಹಾದು ಕೆಳಗಿಳಿದು ಹೋದಳು. ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಹೋದಳು.

ಮತ್ತೆ ಬರಲಿಲ್ಲ. ನಾನು ಹೆದರಿದ ಹಾಗೇ ಆಯಿತು. ಸಂಜೆಯಾದರೆ ನನ್ನ ತಂಗಿ ಬಾಗಿಲ ಕಡೆ ಕಣ್ಣು ಹೊರಳಿಸುತ್ತಿದ್ದಳು. ಕೆಳಗೆ ಗಿರಾಕಿಗಳ ಹೆಜ್ಜೆ ಸದ್ದಾದರೂ ಅವಳ ಉಸಿರು ಒಂದು ಕ್ಷಣ ನಿಲ್ಲುತ್ತಿತ್ತು. ಕರೆದುಕೊಂಡು ಬರಲಾ ಎಂದು ಕೇಳಿದರೆ ಬೇಡ ಎಂದು ಕಣ್ಣು ಮುಚ್ಚುತ್ತಿದ್ದಳು. ಅವಳ ಕೈ ಹಿಡಿದು ಮಗ್ಗಿ ಹೇಳೋಣ ಎಂದು ನಾನೂ ಒಮ್ಮೆ ಕೂತೆ. ಹುಡುಗಿಯ ಹಾಗೆ ನನಗೆ ಬರಲಿಲ್ಲ, ಮೂರಾರ್ಲ ಎಷ್ಟು ಎನ್ನುವಲ್ಲೇ ಮರೆತುಹೋಯಿತು. ಕೈಕಟ್ಟಿ ಕೂತು ಕಲಿತ ಮಗ್ಗಿ ಅದು, ಅಷ್ಟೇ ಅದರ ಯೋಗ್ಯತೆ.

ಚಳಿ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ನನ್ನ ತಂಗಿ ಹೋದಳು. ನಾನು ಗಂಜಿ ಆರಿಸುತ್ತಿದ್ದೆ. ತಿರುಗುವಷ್ಟರಲ್ಲಿ ಉಸಿರು ನಿಂತಿತ್ತು. ಮಣ್ಣು ಮಾಡುವಾಗ ಅವಳ ಕ್ಲಾಸಿನ ಮಕ್ಕಳೆಲ್ಲ ಬಂದಿದ್ದರು, ಹೊಸ ಟೀಚರು ಸಾಲಾಗಿ ನಿಲ್ಲಿಸಿದ್ದಳು. ಅಷ್ಟು ಅಲ್ಲಾಡದೆ ನಿಂತ ಆ ಮಕ್ಕಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬುಗುರಿ ಅವರಲ್ಲಿರಲಿಲ್ಲ.

ಅಂಗಡಿ ಮತ್ತೆ ತೆರೆದ ದಿನ ಅವಳು ಬಂದಳು. ನಾನು ಯಾರದೋ ಕೋಟಿನ ತೋಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಅವಳು ಮೇಜಿನ ಆಚೆ ನಿಂತಳು. ಮುಖ ಸಣ್ಣಗಾಗಿತ್ತು. ಬಾ ಒಳಗೆ ಎಂದೆ, ಬರಲಿಲ್ಲ.

‘ಟೀಚರ್ ಎದುರಿಗೇ ಯಾಕೆ ಹೇಳಿದ್ರಿ?’ ಎಂದು ಕೇಳಿದಳು.

ಏನು ಎಂದು ಕೇಳಿದೆ.

‘ಬರಲ್ಲ ಅಂತ. ಅವರಿಗೆ ಕೇಳಿಸೋ ಹಾಗೆ ಯಾಕೆ ಹೇಳಿದ್ರಿ?’

ಆಮೇಲೆ ಅವಳು ಹೇಳಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅವಳು ಇನ್ನೂ ಓದಲು ಬಾರದೆ ಒದ್ದಾಡುತ್ತಿದ್ದಾಗ ಹೆಡ್‌ಮಾಸ್ಟರು ಒಂದು ದಿನ ಅವಳ ಬೆಂಚಿನ ಪಕ್ಕವೇ ನಿಂತು, ಇದಕ್ಕೆ ಬರಲ್ಲ ಬಿಡಿ ಎಂದರಂತೆ. ನನ್ನ ತಂಗಿ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡು ಜಗಳವಾಡಿದಳಂತೆ. ಒಳಗೆ ಬಂದು ಇಡೀ ಕ್ಲಾಸಿಗೆ ಹೇಳಿದಳಂತೆ: ಕಲಿಯುವವರ ಎದುರಿಗೆ ಯಾರೂ ನಿನಗೆ ಬರಲ್ಲ ಅನ್ನಬಾರದು. ಮಿದುಳು ಅದನ್ನೇ ಮೊದಲು ಕೇಳಿಸಿಕೊಂಡು ಬಾಗಿಲು ಹಾಕಿಬಿಡುತ್ತೆ. ಆಮೇಲೆ ಎಷ್ಟು ಕುಣಿದರೂ ಒಳಗೆ ಹೋಗಲ್ಲ.

‘ನಾನು ಸರಿಯಾಗೇ ಕಲಿಸಿದ್ದೆ,’ ಎಂದಳು ಬುಗುರಿ. ‘ಮನೇಲಿ ಎಲ್ಲಾ ಮೊದಲಿಂದ ಯೋಚನೆ ಮಾಡ್ದೆ. ಒಂದೂ ತಪ್ಪು ಮಾಡಿರ್ಲಿಲ್ಲ. ಬೆರಳಿಗೆ ಕೇಳಿಸಿತ್ತು. ನೀವು ಬರಲ್ಲ ಅಂದ್ರಿ, ಟೀಚರ್ ಕೇಳಿಸ್ಕೊಂಡುಬಿಟ್ರು.’

ನನ್ನ ಹತ್ತಿರ ಉತ್ತರವಿತ್ತು. ಡಾಕ್ಟರು ಹೇಳಿದ್ದಿತ್ತು, ಬೆರಳು ಯಾಕೆ ಅದುರಿತು ಎನ್ನುವುದಿತ್ತು. ಹಾಗೆ ಹೇಳು ಎಂದು ನನ್ನನ್ನು ಬಲವಂತ ಮಾಡಿದವಳು ನಿನ್ನ ಟೀಚರೇ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಸಿಟ್ಟೂ ಬಂದಿತ್ತು. ಸತ್ತವಳು ನನ್ನ ತಂಗಿ, ನಾನು ಎತ್ತಿ ಆಡಿಸಿದ ಕೂಸು, ಅವಳನ್ನು ನಾನು ಕೊಂದೆ ಅನ್ನುವ ಹಾಗೆ ಈ ಹಿಡಿಯಷ್ಟು ಹುಡುಗಿ ನನ್ನ ಅಂಗಡಿಯಲ್ಲಿ ನಿಂತು ಕೇಳುತ್ತಿದ್ದಾಳೆ. ಬಾಯಿ ತೆರೆದೆ. ಆಗ ಅವಳ ನಿಲುವು ಕಣ್ಣಿಗೆ ಬಿತ್ತು. ಬೆನ್ನು ನೆಟ್ಟಗಿತ್ತು. ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂರುತ್ತಾಳೆ ಎಂದು ಅವಳ ಅಮ್ಮ ಅತ್ತಿದ್ದ ಹುಡುಗಿ, ಎರಡೂ ಕೈಯಲ್ಲಿ ನನ್ನ ಮೇಜನ್ನು ಹಿಡಿದು, ತುದಿಗಾಲಲ್ಲಿ ನಿಂತು, ನಾನು ಸರಿಯಾಗೇ ಕಲಿಸಿದ್ದೆ ಎನ್ನುತ್ತಿದ್ದಳು.

‘ಹೌದು ಪುಟ್ಟೀ,’ ಎಂದೆ. ‘ನೀನು ಸರಿಯಾಗೇ ಕಲಿಸಿದ್ದೆ. ಕೆಡಿಸಿದ್ದು ನಾನು.’

ಅವಳು ಅಳುತ್ತಾಳೆ, ಒಂದು ಸಲ ಎದೆಗೆ ಒತ್ತಿಕೊಳ್ಳೋಣ ಎಂದು ನಾನು ಮೇಜಿನ ಈಚೆಯಿಂದ ಎದ್ದೆ. ಅವಳು ಹಿಂದೆ ಸರಿದು ಹೊರಟುಹೋದಳು.

ಈಗ ಅವಳು ದಿನಾ ಸ್ಕೂಲಿಗೆ ಹೋಗುತ್ತಾಳೆ. ಅವಳ ಅಮ್ಮ ಆಗಾಗ ಬಂದು ಹೇಳುತ್ತಾಳೆ, ಮೆಟ್ಟಿಲು ಹತ್ತುತ್ತಾಳಂತೆ, ಓದುತ್ತಾಳಂತೆ, ಹಿಂದುಳಿದ ಒಂದು ಚಿಕ್ಕ ಹುಡುಗನಿಗೆ ತಾನೇ ಕೈ ಹಿಡಿದು ಗಾಳಿಯಲ್ಲಿ ಅಕ್ಷರ ಬರೆಸುತ್ತಾಳಂತೆ. ನಾನು ಹುಡುಗಿಗೆ ಏನು ಹೇಳಿದೆ ಎನ್ನುವುದು ಆ ಹೆಂಗಸಿಗೆ ಗೊತ್ತಿಲ್ಲ, ಮಗಳು ನಿಮ್ಮ ಜೊತೆ ಯಾಕೆ ಮಾತು ಬಿಟ್ಟಳೋ ಎಂದು ನಾಚಿಕೊಳ್ಳುತ್ತಾಳೆ. ಬಿಡಲಿ ಬಿಡಮ್ಮ ಎನ್ನುತ್ತೇನೆ. ಅಂಗಡಿಯ ಮುಂದೆ ಹಾದುಹೋಗುವಾಗ ಬುಗುರಿ ಮುಖವನ್ನು ರಸ್ತೆಯ ಆಚೆಗೆ ತಿರುಗಿಸಿಕೊಂಡು, ಕುಣಿಯುವುದನ್ನು ಮಾತ್ರ ನಿಲ್ಲಿಸದೆ ಹೋಗುತ್ತಾಳೆ.

ಕೆಡಿಸಿದ್ದು ನಾನು ಅಂದದ್ದು ಸುಳ್ಳು ಎಂದು ನನಗೆ ಗೊತ್ತಿದೆ. ಆದರೂ ಸಂಜೆ ಮಿಷನ್ ನಿಲ್ಲಿಸಿ ಮೇಲೆ ಹೋದಾಗ, ಆ ಖಾಲಿ ಮಂಚದ ಪಕ್ಕ, ಆವತ್ತು ನಿಂತಿದ್ದ ಜಾಗದಲ್ಲೇ ನಿಂತು ಕೆಲವೊಮ್ಮೆ ಯೋಚಿಸುತ್ತೇನೆ, ಹುಡುಗಿಯನ್ನು ಕೆಳಗೆ ಕರೆದುಕೊಂಡು ಹೋಗಿ ಹೇಳಬಹುದಿತ್ತು. ನನ್ನ ತಂಗಿಗೆ ಕೇಳಿಸದ ಹಾಗೆ ಹೇಳಬಹುದಿತ್ತು.